ಏಳನೇ ನಂಬರಿನ ಕೀಲಿ

ಅಪ್ಪನಿಗೆ ತಾನು ನಾನೂರ ಹತ್ತು, ತಂಗಿ ಇನ್ನೂರ ತೊಂಬತ್ತು ಎಂಬುದು ವಾರಿಜಾಳಿಗೆ ಗೊತ್ತಾದದ್ದು ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂಕಾಲಕ್ಕೆ. ಹೇಳಿದ್ದು ಬೇರೆ ಯಾರೂ ಅಲ್ಲ, ಅವಳೇ ಕೂತು ಬರೆದ ಆಟ.

ಆಟವೆಂದರೆ ಮಹಾ ಆಟವೇನಲ್ಲ. ಕಂಪ್ಯೂಟರ್ ಪರದೆಯ ಮೇಲೆ ಒಂದು ಕಿಟಕಿ, ಅದರ ನಡುವೆ ಲೋಟದ ಬಾಯಿಯಷ್ಟು ಅಗಲದ ಒಂದು ಹಸಿರು ಬಟನ್. ಅದು ಎರಡರಿಂದ ಐದು ಸೆಕೆಂಡಿನೊಳಗೆ ಯಾವಾಗಲೋ ಒಮ್ಮೆ ಕಾಣಿಸಿಕೊಳ್ಳುತ್ತದೆ. ಕಂಡ ಕೂಡಲೇ ಒತ್ತಬೇಕು. ಒತ್ತಿದರೆ ಹಳದಿಗೆ ತಿರುಗಿ 'ಟಕ್' ಎನ್ನುತ್ತದೆ, ಮೇಲಿನ ಮೂಲೆಯಲ್ಲಿ ಒಂದು ಅಂಕ ಏರುತ್ತದೆ. ನಲವತ್ತು ಸಲ ಹೀಗಾದರೆ ಒಂದು ಸುತ್ತು. ವಾರಿಜಾ ಪಾಠ ಹೇಳುವ ಪಾಲಿಟೆಕ್ನಿಕ್ಕಿನಲ್ಲಿ ಮೊದಲ ವರ್ಷದ ಮಕ್ಕಳು ಎರಡನೇ ತಿಂಗಳಿಗೇ ಇಂಥದ್ದನ್ನು ಬರೆದುಬಿಡುತ್ತಾರೆ.

ವಿಶೇಷವಿದ್ದದ್ದು ಒತ್ತುವ ಬಗೆಯಲ್ಲಿ. ಅಪ್ಪ, ಅಂದರೆ ತುಮಕೂರಿನ ಮಂಡಿಪೇಟೆಯಲ್ಲಿ ಮೂವತ್ತು ವರ್ಷ ಟೈಪಿಂಗ್ ಕ್ಲಾಸು ನಡೆಸಿದ ಚನ್ನಕೇಶವಯ್ಯ ಮೇಷ್ಟ್ರು, ಆಟವಾಡುವಾಗ ಬೆರಳನ್ನು ಅಲುಗಿಸುತ್ತಿರಲಿಲ್ಲ. ಅಲುಗಿಸಲು ಆಗುತ್ತಿರಲಿಲ್ಲ. ಲಕ್ವ ಹೊಡೆದು ಹತ್ತು ತಿಂಗಳಾಗಿತ್ತು. ಬಲಗೈ ಮಡಿಚಿದ ಮುಷ್ಟಿಯಾಗಿ ತೊಡೆಯ ಮೇಲೆ ಕೂತಿತ್ತು. ಮಾತು ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು. ಆದರೆ ಮಿದುಳು 'ಒತ್ತು' ಎಂದು ಕೈಗೆ ಹೇಳುವುದನ್ನು ಬಿಟ್ಟಿರಲಿಲ್ಲ. ಆ ಅಪ್ಪಣೆ ಮೊಣಕೈಯ ತನಕ ಬರುವಷ್ಟರಲ್ಲಿ ಸೊರಗಿ, ಬೆರಳನ್ನು ಎಬ್ಬಿಸುವ ಶಕ್ತಿ ಕಳೆದುಕೊಳ್ಳುತ್ತಿತ್ತು, ಅಷ್ಟೆ. ಮುಂಗೈಗೆ ಕಟ್ಟುವ ಅಗಲವಾದ ಒಂದು ಪಟ್ಟಿ ಆ ಸೊರಗಿದ ಅಪ್ಪಣೆಯನ್ನು ಚರ್ಮದ ಮೇಲಿಂದಲೇ ಹಿಡಿದು ಪರದೆಗೆ ಮುಟ್ಟಿಸುತ್ತಿತ್ತು. ಇಂಗಿತಪಟ್ಟಿ ಎಂದು ಅದರ ಹೆಸರು. ಅಪ್ಪ ಒತ್ತಬೇಕೆಂದುಕೊಂಡರೆ ಸಾಕು, ಬಟನ್ ಒತ್ತಿಕೊಳ್ಳುತ್ತಿತ್ತು. ಆರು ತಿಂಗಳು ಹೀಗೆ ಕಲಿತ ಪಟ್ಟಿ ಆಮೇಲೆ ತಾನೇ ಸ್ನಾಯುವಿಗೆ ಸರಿಯಾದ ಗಳಿಗೆಯಲ್ಲಿ ಸಣ್ಣದೊಂದು ತಿವಿತ ಕೊಟ್ಟು ಬೆರಳನ್ನು ಮತ್ತೆ ನಡೆಸಬೇಕು. ಅದು ಡಾಕ್ಟರ್ ತಬಸ್ಸುಮ್ ಅವರ ಪ್ರಯೋಗ. ಅಪ್ಪನಿಗೆ ಬೇಕಾದ ಆಟ ಬರೆದುಕೊಡುತ್ತೇನೆಂದು ವಾರಿಜಾಳೇ ಮುಂದೆ ಬಂದಿದ್ದಳು.

ಆ ಪ್ರಯೋಗದಲ್ಲಿ ಯಾರೂ ನಿರೀಕ್ಷಿಸದ ಒಂದು ಸಂಗತಿ ಹೊರಬಿದ್ದಿತ್ತು. ಎದುರಿಗೆ ಯಾರು ಕೂತಿದ್ದಾರೆ ಎಂಬುದರ ಮೇಲೆ ಅಪ್ಪಣೆಯ ವೇಗ ಬದಲಾಗುತ್ತಿತ್ತು. ನರ್ಸು ಕೂತರೆ ಒಂದು, ಹೆಂಡತಿ ಕೂತರೆ ಇನ್ನೊಂದು. ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಮನೆಯವರೆಲ್ಲರಿಗಿಂತ ಪಕ್ಕದ ಮನೆಯ ಇಸ್ಪೀಟಿನ ಗೆಳೆಯ ಕೂತಾಗ ಬೆರಳಿನ ಆಸೆ ಚುರುಕಾಗಿತ್ತು. ಹಾಗಾಗಿ ಪ್ರತಿ ರೋಗಿಗೂ ಒಬ್ಬ 'ಆಸರೆ'ಯನ್ನು ಆರಿಸುವ ನಿಯಮ ಬಂತು. ಆರು ತಿಂಗಳು ರೋಗಿ ಆಸರೆಯ ಮನೆಯಲ್ಲೇ ಇರಬೇಕು, ದಿನಕ್ಕೆ ನಾಲ್ಕು ಸುತ್ತು ಆಸರೆಯ ಎದುರಿಗೇ ಆಡಬೇಕು.

"ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಲೆಕ್ಕ ಇದು ಮೇಡಂ," ಎಂದರು ತಬಸ್ಸುಮ್, ಕನ್ನಡಕವನ್ನು ಹಣೆಗೇರಿಸಿ. "ನಿಮ್ಮೆದುರಿಗೆ ಸರಾಸರಿ ನಾನೂರ ಹತ್ತು ಮಿಲಿಸೆಕೆಂಡು. ನಿಮ್ಮ ತಂಗಿ ಎದುರಿಗೆ ಇನ್ನೂರ ತೊಂಬತ್ತು. ಇನ್ನೂ ಮೂರು ಬುಧವಾರ ನೋಡೋಣ. ಹೀಗೇ ಬಂದ್ರೆ ಮೇಷ್ಟ್ರನ್ನ ಅರಸೀಕೆರೆಗೆ ಕಳಿಸೋದೇ ಒಳ್ಳೇದು."

ತಂಗಿ ಕುಮುದಾ ಅಪ್ಪನ ಕೆನ್ನೆ ಹಿಂಡಿ, "ನೋಡಿದ್ಯಾ ಅಪ್ಪಾ, ನಾನೇ ಫಸ್ಟು! ಬಾ, ನಮ್ಮೂರಿಗೆ ಹೋಗಿ ಮಜಾ ಮಾಡೋಣ," ಎಂದಳು.

ಅಪ್ಪ ನಕ್ಕರು. ಸೊಟ್ಟ ಬಾಯಿಯ ಅರ್ಧ ನಗು. ಆ ಅರ್ಧ ನಗುವನ್ನು ವಾರಿಜಾ ಹತ್ತು ತಿಂಗಳಲ್ಲಿ ಎಷ್ಟು ಸಲ ಕಂಡಿದ್ದಾಳೆ ಎಂದು ಬೆರಳಲ್ಲಿ ಎಣಿಸಬಹುದಿತ್ತು.

ಅವಳು ಪಟ್ಟಿ ಬಿಚ್ಚಿ, ಅಪ್ಪನ ಮುಂಗೈ ಒರೆಸಿ, ತೋಳಿನ ಗುಂಡಿ ಹಾಕಿದಳು. ಒರೆಸುವುದು, ಗುಂಡಿ ಹಾಕುವುದು ಪ್ರತಿ ದಿನ ಅವಳ ಕೆಲಸ.

*

ಹತ್ತು ತಿಂಗಳಿಂದ ಬೆಳಿಗ್ಗೆ ಐದೂವರೆಗೆ ಅಪ್ಪನನ್ನು ಎಬ್ಬಿಸುವವಳು ಅವಳು. ಬಚ್ಚಲಿಗೆ ಕರೆದೊಯ್ಯುವುದು, ಗಡ್ಡ ಹೆರೆಯುವುದು, ಇಡ್ಲಿಯನ್ನು ಸಾರಿನಲ್ಲಿ ನೆನೆಸಿ ಎಡ ದವಡೆಗೆ ಇಡುವುದು ಅವಳೇ. ಗಂಡ ಮಾಧವ ಒಳ್ಳೆಯವನೇ, ಎತ್ತಿ ಕೂರಿಸಲು ಕೈ ಕೊಡುತ್ತಾನೆ. ಆದರೆ ಅಪ್ಪನ ಮುಖದ ಯಾವ ಗೆರೆಗೆ ನೀರು, ಯಾವ ಗೆರೆಗೆ ಬಚ್ಚಲು ಎಂದು ಓದಬಲ್ಲವಳು ಅವಳೊಬ್ಬಳೇ. ಅಪ್ಪನಲ್ಲಿ ಉಳಿದಿದ್ದ ಒಂದೇ ಶಬ್ದ 'ಸಮ'. ಕಾಫಿ ಬೇಕಾದರೂ ಸಮ, ಬೇಡವಾದರೂ ಸಮ, ಫ್ಯಾನು ಜೋರಾದರೂ ಸಮ.

ಆ ಶಬ್ದ ಎಲ್ಲಿಂದ ಬಂತೆಂದು ಮಂಡಿಪೇಟೆಯಲ್ಲಿ ಟೈಪಿಂಗ್ ಕಲಿತ ಯಾರನ್ನು ಕೇಳಿದರೂ ಹೇಳುತ್ತಾರೆ. ಹತ್ತು ಮಷೀನುಗಳ ಸದ್ದಿನ ನಡುವೆ ಮೇಷ್ಟ್ರು ಅಡಿಕೋಲಿನಿಂದ ಮೇಜು ತಟ್ಟುತ್ತ ಓಡಾಡುತ್ತಿದ್ದರು. "ಜೋರು ಬೇಡ, ಸಮ ಇರ್ಲಿ. ಪ್ರತಿ ಅಕ್ಷರಕ್ಕೂ ಒಂದೇ ಹೊತ್ತು. ಸಮ, ಸಮ." ಕೀಲಿ ನೋಡಿ ಒತ್ತುವವರ ಕೈಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು. ಕ್ಲಾಸಿನೊಳಗೆ ಮಗಳಾದರೂ ಅವರನ್ನು ಸಾರ್ ಎನ್ನಬೇಕಿತ್ತು. ಹದಿನಾಲ್ಕನೇ ವಯಸ್ಸಿಗೆ ವಾರಿಜಾಳ ಬಾಯಲ್ಲಿ ಕೂತ ಬಹುವಚನ ಮತ್ತೆ ಮನೆಗೆ ಬಂದರೂ ಏಕವಚನವಾಗಲಿಲ್ಲ. ಕುಮುದಾ ಎರಡು ತಿಂಗಳು ಬಂದು, ಬೆರಳು ನೋಯುತ್ತದೆಂದು ಅತ್ತು ಬಿಟ್ಟವಳು. ಅವಳಿಗೆ ಅಪ್ಪ ಇಂದಿಗೂ ನೀನು.

ಬಿಟ್ಟರೆ ಬಿಡಲಿ. ಆದರೆ ಆ ಎರಡು ತಿಂಗಳು ಅವಳಿಗೆ ಕೊಟ್ಟದ್ದು ಹೊಚ್ಚಹೊಸ ಮೂರನೇ ನಂಬರಿನ ಮಷೀನು. ವಾರಿಜಾಳಿಗೆ ಐದು ವರ್ಷವೂ ಏಳನೇ ನಂಬರು. ಆ ಏಳನೇ ನಂಬರಿನ 'ಎನ್' ಕೀಲಿ ಒತ್ತಿದರೆ ಒತ್ತಿದಲ್ಲೇ ಕೂತುಬಿಡುತ್ತಿತ್ತು. ಬೆರಳಿನ ತುದಿಯಿಂದ ಅದರ ಅಂಚನ್ನು ಮೇಲಕ್ಕೆ ಚಿಮ್ಮಿಸಿದರೆ ಮಾತ್ರ ಏಳುತ್ತಿತ್ತು. ಒತ್ತು, ಚಿಮ್ಮು. ಒತ್ತು, ಚಿಮ್ಮು. ಅಷ್ಟು ಮಾಡಿಯೂ ಲಯ ತಪ್ಪುವಂತಿಲ್ಲ. ಸರಿಮಾಡಿಸಿ ಎಂದು ಒಮ್ಮೆ ಕೇಳಿದ್ದಕ್ಕೆ ಅಪ್ಪ, "ಅದು ನಿಂಗೇ ಇರ್ಲಿ," ಎಂದಿದ್ದರು. ಯಾಕೆಂದು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಮೂವತ್ತೆರಡು ವರ್ಷವಾದರೂ ಆ ಮಾತು ಅವಳೊಳಗೆ ಕೀಲಿಯ ಹಾಗೆಯೇ ಕೂತಿತ್ತು.

ಈಗ ಅಪ್ಪನಿಗೆಂದು ಆಟ ಬರೆದಾಗ, ಬಟನ್‌ಗೆ ಆ 'ಟಕ್' ಸದ್ದು ಹಾಕಿದ್ದು ಅವಳೇ. ಯಾರೂ ಹಾಕೆಂದು ಹೇಳಿರಲಿಲ್ಲ. ಅಪ್ಪನಿಗೆ ಇಷ್ಟವಾಗಲಿ ಎಂದು. ಆ ಸದ್ದಿಗೆ ಅಪ್ಪನ ಕಣ್ಣು ಅರಳಿದ್ದು ಕುಮುದಾ ಎದುರಿಗೆ ಕೂತ ದಿನ.

"ಭಾನುವಾರ ಬಂದು ಕೊಬ್ಬರಿ ಮಿಠಾಯಿ ತಿನ್ನಿಸಿ ಹೋಗೋಳಿಗೆ ಇನ್ನೂರ ತೊಂಬತ್ತು," ಎಂದಳು ರಾತ್ರಿ ಊಟಕ್ಕೆ ಬಡಿಸುವಾಗ. "ನಂಗೆ ನಾನೂರ ಹತ್ತು."

"ಅದೇನು ಮಾರ್ಕ್ಸ್ ಏನೇ?" ಎಂದ ಮಾಧವ. "ಆರು ತಿಂಗಳು ಅವಳು ನೋಡ್ಕೊಳ್ಳಲಿ ಬಿಡು. ನೀನೂ ಒಂಚೂರು ಸುಧಾರಿಸ್ಕೊ."

"ನಾನು ಸುಸ್ತಾಗಿದ್ದೀನಿ ಅಂತ ಅಂದ್ನಾ?"

"ಅನ್ನಲಿಲ್ಲಪ್ಪ."

"ಮತ್ತೆ?"

ಮಾಧವ ಮಜ್ಜಿಗೆ ಹಾಕಿಸಿಕೊಂಡು ಸುಮ್ಮನಾದ. ಹದಿನೆಂಟು ವರ್ಷದಲ್ಲಿ ಅವನು ಕಲಿತ ವಿದ್ಯೆಗಳಲ್ಲಿ ಅದು ಮುಖ್ಯವಾದದ್ದು.

*

ಶುಕ್ರವಾರ ಮಧ್ಯಾಹ್ನ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಮೊದಲ ವರ್ಷದವರು ಅದೇ ಅಭ್ಯಾಸ ಮಾಡುತ್ತಿದ್ದರು. ಕಿಟಕಿ ತೆರೆ, ಬಟನ್ ಇಡು, ಒತ್ತಿದಾಗ ಏನಾಗಬೇಕೆಂದು ಬರೆ. ಕಿಟಕಿ ಪಕ್ಕದ ಹುಡುಗಿ ಕೈಯೆತ್ತಿದಳು.

"ಮೇಡಂ, ನನ್ ಬಟನ್ ಅಂಟ್ಕೊತಿದೆ. ಒತ್ತಿದ್ರೆ ಹಂಗೇ ನಿಂತ್ಕೊಂಡು ಆಮೇಲೆ ಬಣ್ಣ ಬದಲಾಗುತ್ತೆ."

ವಾರಿಜಾ ಬಗ್ಗಿ ನೋಡಿದಳು. ಎಲ್ಲ ವರ್ಷವೂ ಯಾರಾದರೊಬ್ಬರು ಮಾಡುವ ತಪ್ಪು ಅದು. ಬಟನ್ ಒತ್ತಿದಾಗಿನ ಕೆಲಸದ ಒಳಗೇ 'ಸ್ವಲ್ಪ ಕಾಯಿ' ಎಂಬ ಅಪ್ಪಣೆಯನ್ನು ಹುಡುಗಿ ಬರೆದಿದ್ದಳು. ಹಾಗೆ ಬರೆದರೆ ಕಾಯುವಷ್ಟು ಹೊತ್ತೂ ಇಡೀ ಕಿಟಕಿ ಉಸಿರು ಹಿಡಿದು ಕೂರುತ್ತದೆ. ಬಣ್ಣ, ಸದ್ದು, ಅಂಕ ಯಾವುದೂ ಮುಂದೆ ಸಾಗುವುದಿಲ್ಲ.

"ಕಾಯೋದನ್ನ ಇಲ್ಲಿಂದ ತೆಗಿ," ಎಂದಳು. ಹುಡುಗಿ ತೆಗೆದಳು. ಸರಿಯಾಯಿತು.

ಸಂಜೆ ಎಲ್ಲರೂ ಹೋದ ಮೇಲೆ ಆ ಒಂದು ಸಾಲು ಅವಳ ತಲೆಯಿಂದ ಇಳಿಯಲಿಲ್ಲ. ಆಟ ಶುರುವಾಗುವ ಮೊದಲು 'ಎದುರಿಗೆ ಕೂತವರು' ಎಂಬಲ್ಲಿ ಹೆಸರು ಆರಿಸಬೇಕಿತ್ತು: ವಾರಿಜಾ, ಕುಮುದಾ, ಇತರರು. ಅವಳು ತನ್ನ ಪ್ರೋಗ್ರಾಮು ತೆರೆದಳು. ಹೆಸರು ಕುಮುದಾ ಆದರೆ, ಒತ್ತಿದ ಮೇಲೆ ನೂರ ನಲವತ್ತು ಮಿಲಿಸೆಕೆಂಡು ಕಾಯಿ, ಆಮೇಲೆ ಗಡಿಯಾರ ನಿಲ್ಲಿಸು. ಎರಡು ಸಾಲು. ನೂರ ನಲವತ್ತೆಂದರೆ ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ. ಯಾರಿಗೂ ಗೊತ್ತಾಗುವುದಿಲ್ಲ.

ಬರೆದು, ಅಳಿಸಿ, ನೀರು ಕುಡಿದು ಬಂದು, ಮತ್ತೆ ಬರೆದಳು. ತಾನು ಯಾರನ್ನೂ ವಂಚಿಸುತ್ತಿಲ್ಲ, ಹತ್ತು ತಿಂಗಳನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ತನಗೇ ಹಿಡಿಸಲಿಲ್ಲ. ಆದರೂ ಅಳಿಸಲಿಲ್ಲ.

*

ಮುಂದಿನ ಬುಧವಾರ ಕುಮುದಾ ಅರಸೀಕೆರೆಯಿಂದ ರೈಲಿನಲ್ಲಿ ಬಂದಿಳಿದಳು. ಅಲ್ಲಿ ಅವಳದು ಬ್ಲೌಸು ಹೊಲಿಯುವ ಅಂಗಡಿ. ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಅಯ್ಯೋ, ಇದನ್ನ ಹಾಕ್ಕೊಂಡೇ ಬಂದಿದ್ದೀನಿ! ರೈಲಲ್ಲಿ ಎಲ್ಲ ನನ್ನೇ ನೋಡ್ತಿದ್ರು, ಇವತ್ತು ಚೆನ್ನಾಗಿ ಕಾಣ್ತಿದ್ದೀನೇನೋ ಅಂದ್ಕೊಂಡೆ."

ಅಪ್ಪ ಮತ್ತೆ ನಕ್ಕರು. ವಾರಿಜಾ ಪಟ್ಟಿ ಕಟ್ಟಿದಳು, ಹೆಸರು ಆರಿಸಿದಳು, ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು.

ಹಸಿರು ಬಟನ್ ಕಾಣಿಸಿಕೊಂಡಿತು. ಒಂದಿಷ್ಟೇ ತಡೆದು, 'ಟಕ್' ಎಂದಿತು.

ಅಪ್ಪನ ಹುಬ್ಬು ಗಂಟಿಕ್ಕಿತು.

ಇನ್ನೊಂದು. ತಡೆದು, 'ಟಕ್'. ಅಪ್ಪ ತಲೆಯನ್ನು ಓರೆ ಮಾಡಿದರು. ಆ ಭಂಗಿ ವಾರಿಜಾಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಮಷೀನು ಒಟ್ಟಿಗೆ ಬಡಿಯುತ್ತಿರುವಾಗ ಬಾಗಿಲಲ್ಲಿ ನಿಂತು, ಯಾವುದರ ಯಾವ ಕೀಲಿ ಸರಿಯಿಲ್ಲ ಎಂದು ಕಿವಿಯಿಂದಲೇ ಹೇಳುತ್ತಿದ್ದ ಮನುಷ್ಯ. ಕಣ್ಣು ಮಿಟುಕುವಷ್ಟು ಹೊತ್ತು ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಳಲ್ಲ, ಇಡೀ ಊರಿನಲ್ಲಿ ಅದನ್ನು ಹಿಡಿಯಬಲ್ಲ ಒಬ್ಬನೇ ಒಬ್ಬ ಮನುಷ್ಯನ ಮೇಲೆಯೇ ಅದನ್ನು ಹೂಡಿದ್ದಳು.

"ಸಮ," ಎಂದರು ಅಪ್ಪ. ಕುಮುದಾಳ ಕಡೆಗಲ್ಲ. ಕತ್ತು ತಿರುಗಿಸಿ, ಗೋಡೆಗೆ ಒರಗಿದ್ದ ವಾರಿಜಾಳನ್ನು ನೋಡಿ.

"ಏನು ಬೇಕು ಅಪ್ಪಾ? ನೀರು ಬೇಕಾ?" ಎಂದಳು ಕುಮುದಾ.

"ಸಮ," ಎಂದು ಮತ್ತೊಮ್ಮೆ ಹೇಳಿ ಪರದೆಗೆ ತಿರುಗಿದರು. ಆಮೇಲೆ ಆ ಸುತ್ತು ಮುಗಿಯುವವರೆಗೆ ಹುಬ್ಬು ಬಿಚ್ಚಲಿಲ್ಲ, ಮಧ್ಯೆ ಎಲ್ಲೂ ನಿಲ್ಲಿಸಲೂ ಇಲ್ಲ. ಸರಾಸರಿ ನಾನೂರ ಮೂವತ್ತು. ವಾರಿಜಾಳದು ಎಂದಿನಂತೆ ನಾನೂರ ಹತ್ತು.

"ಅಯ್ಯೋ, ಇವತ್ತು ನಾನು ಫೇಲು," ಎಂದಳು ಕುಮುದಾ. ನಗುತ್ತಲೇ ಅಂದಳು, ಆದರೆ ಟೇಪನ್ನು ಕತ್ತಿನಿಂದ ತೆಗೆದು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಕೂತಳು. ವಾರಿಜಾಳಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಆಟೋ ಹತ್ತುವವರೆಗೆ. ಅಲ್ಲಿಂದ ಮನೆಯ ತನಕ ಅಪ್ಪ ತಿರುಗಿ ನೋಡಿದ ಆ ನೋಟ ಜೊತೆಯಲ್ಲಿ ಬಂತು.

*

ಮೂರನೇ ಬುಧವಾರ ತಬಸ್ಸುಮ್ ಇಬ್ಬರನ್ನೂ ಪರದೆಯ ಮುಂದೆ ಕರೆದು ಕೂರಿಸಿಕೊಂಡರು. ಅಪ್ಪ ಗಾಲಿಕುರ್ಚಿಯಲ್ಲಿ ಪಕ್ಕದಲ್ಲೇ ಇದ್ದರು. ಡಾಕ್ಟರ ದನಿಯಲ್ಲಿ ಎಂದೂ ಇಲ್ಲದ ಸಡಗರ.

"ಸರಾಸರಿ ಬಿಡಿ, ಇಬ್ಬರದ್ದೂ ಈಗ ಸರಿಸುಮಾರು ಒಂದೇ. ನೋಡಬೇಕಾದ್ದು ಇದು." ಪರದೆಯ ಮೇಲೆ ಎರಡು ಗೆರೆಗಳಿದ್ದವು. "ಮೇಲಿನದು ವಾರಿಜಾ ಮೇಡಂ ಎದುರಿಗೆ. ಒತ್ತುವ ಅಲೆ ಒಂದು ಬರುತ್ತೆ, ಮುಗೀತು. ಕೆಳಗಿನದು ಕುಮುದಾ ಅವರ ಎದುರಿಗೆ. ಒತ್ತುವ ಅಲೆ ಆದ್ಮೇಲೆ ಇನ್ನೊಂದು ಸಣ್ಣ ಅಲೆ ಇದೆ, ಕಂಡಿತಾ? ಇದು ಮುಂಗೈಯ ಹಿಂಬದಿ ಸ್ನಾಯುವಿಂದು. ಬೆರಳು ಎತ್ತೋದು!"

"ಎತ್ತೋದಾ? ಅದ್ರಲ್ಲೇನು ವಿಶೇಷ?" ಎಂದಳು ಕುಮುದಾ.

"ಅದೇ ವಿಶೇಷ. ಲಕ್ವ ಆದ ಕೈ ಮಡಿಸೋದನ್ನ ಬೇಗ ಕಲಿಯುತ್ತೆ. ಬಿಚ್ಚೋದನ್ನ ಎಲ್ಲಕ್ಕಿಂತ ಕಡೆಗೆ. ಎಷ್ಟೋ ಜನಕ್ಕೆ ಬರೋದೇ ಇಲ್ಲ. ಹನ್ನೊಂದು ರೋಗಿಗಳಲ್ಲಿ ನಾನು ಇಷ್ಟು ಬೇಗ ಇದನ್ನ ಕಂಡಿರಲಿಲ್ಲ. ಹೋದ ವಾರ ಶುರುವಾಯ್ತು, ಅದೂ ನೀವು ಕೂತಾಗ ಮಾತ್ರ." ತಬಸ್ಸುಮ್ ಫೈಲು ಮುಚ್ಚಿದರು. "ಇನ್ನು ಇನ್ನೊಂದು ವಾರ ಕಾಯೋದು ಬೇಡ. ಆಸರೆ ಕುಮುದಾ ಅವರೇ. ಸೋಮವಾರ ಕರ್ಕೊಂಡು ಹೋಗಿ."

ಕುಮುದಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ವಾರಿಜಾ ಕೆಳಗಿನ ಗೆರೆಯನ್ನೇ ನೋಡುತ್ತಿದ್ದಳು. ಒಂದು ಎತ್ತರದ ಉಬ್ಬು, ಬೆನ್ನಿಗೇ ಒಂದು ಚಿಕ್ಕ ಉಬ್ಬು. ನಲವತ್ತು ಸಲ, ಒಂದೇ ಅಂತರದಲ್ಲಿ. ಒತ್ತು, ಚಿಮ್ಮು. ಒತ್ತು, ಚಿಮ್ಮು. ಅವಳ ಬಲಗೈಯ ತೋರುಬೆರಳು ಸೆರಗಿನ ಮರೆಯಲ್ಲಿ ತಾನಾಗಿ ಆಡಿತು.

ಅಪ್ಪ ಕೀಲಿಯನ್ನು ಎಬ್ಬಿಸುತ್ತಿದ್ದರು. ಅಂಟಿಕೊಂಡ ಬಟನನ್ನು ಏಳನೇ ನಂಬರಿನ 'ಎನ್' ಕೀಲಿಯ ಹಾಗೆ ಬೆರಳ ತುದಿಯಿಂದ ಚಿಮ್ಮಿಸಲು ನೋಡುತ್ತಿದ್ದರು. ಕುಮುದಾಳನ್ನು ಕಂಡ ಪ್ರೀತಿಗೆ ಬಂದದ್ದಲ್ಲ ಆ ಅಲೆ. ತನ್ನ ಎರಡು ಸಾಲಿನ ಮೋಸಕ್ಕೆ ಬಂದದ್ದು.

ಸುಮ್ಮನಿದ್ದುಬಿಡಬಹುದಿತ್ತು. ಸೋಮವಾರ ಅಪ್ಪ ಹೋಗುತ್ತಾರೆ, ಮೋಸ ಪ್ರೋಗ್ರಾಮಿನ ಒಳಗೇ ಮುಚ್ಚಿಹೋಗುತ್ತದೆ, ಮಾನ ಉಳಿಯುತ್ತದೆ. ಅವಳು ಬಾಯಿಬಿಟ್ಟದ್ದು ಒಳ್ಳೆಯತನದಿಂದ ಎಂದರೆ ಸುಳ್ಳಾಗುತ್ತದೆ. ಅವಳಿಗೆ ತಡೆಯಲಾಗದೆ ಹೋದದ್ದು ಒಂದೇ: ಏಳನೇ ನಂಬರಿನ ಮುಂದೆ ಐದು ವರ್ಷ ಕೂತವಳು ತಾನು, ಆ ಚಿಮ್ಮು ತನ್ನದು. ಅದನ್ನೂ ಕುಮುದಾಳ ಹೆಸರಿಗೆ ಬರೆಯುತ್ತಿದ್ದಾರೆ.

"ಅದು ಅವಳಿಂದ ಬಂದಿದ್ದಲ್ಲ," ಎಂದಳು. ದನಿ ತೀರ ಸಣ್ಣದಾಗಿತ್ತು. "ನಾನು... ಅವಳ ಹೆಸರಿಗೆ ಬಟನ್ ನಿಧಾನ ಆಗೋ ಹಾಗೆ ಬರೆದಿದ್ದೆ. ನೂರ ನಲವತ್ತು. ಅಂಕ ಕಮ್ಮಿ ಬರಲಿ ಅಂತ."

ತಬಸ್ಸುಮ್ ಮುಚ್ಚಿದ್ದ ಫೈಲನ್ನು ಮತ್ತೆ ತೆರೆದರು.

"ಎರಡು ವಾರದಿಂದಾನಾ?" ಎಂದರು ತಬಸ್ಸುಮ್. ಸಡಗರ ಹೋಗಿತ್ತು. "ಮೇಡಂ, ನೀವು ಪಾಠ ಹೇಳೋರು. ಈ ಅಂಕಿ ನೋಡಿ ನಾನು ಒಬ್ಬ ರೋಗಿಯ ಆರು ತಿಂಗಳು ನಿರ್ಧಾರ ಮಾಡ್ತೀನಿ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಕುಮುದಾ ಎದ್ದು ನಿಂತಿದ್ದಳು. "ನಾನು ಹೋದ ವಾರ ರೈಲಲ್ಲಿ ಪೂರ್ತಿ ಅತ್ಕೊಂಡು ಹೋದೆ ಅಕ್ಕಾ. ಅಪ್ಪಂಗೆ ನಾನು ಬೇಡವಾದೆ ಅಂತ. ನೀನು ಹಿಂದೆ ಗೋಡೆಗೆ ನಿಂತ್ಕೊಂಡು ನೋಡ್ತಾ ಇದ್ದೆ ಅಲ್ವಾ? ಎಷ್ಟು ಹೊಟ್ಟೆಕಿಚ್ಚು ನಿಂಗೆ!"

"ಹೌದು," ಎಂದಳು ವಾರಿಜಾ. ಆ ಒಂದು ಶಬ್ದವನ್ನು ಅವಳು ಜೋಪಾನವಾಗಿ ಹೇಳಿದಳು. ಬೇರೆ ಯಾವುದೂ ಸರಿಹೊಂದುತ್ತಿರಲಿಲ್ಲ.

ಆಗ ಅಪ್ಪ ಎಡಗೈಯಿಂದ ಮೇಜು ತಟ್ಟಿದರು. ಒಂದು, ಎರಡು, ಮೂರು. ಅಡಿಕೋಲಿಲ್ಲದಿದ್ದರೂ ಅದೇ ಏಟು. ಮೂವರೂ ತಿರುಗಿದರು. ಅಪ್ಪ ಪರದೆಯ ಕಡೆ ಗಲ್ಲ ಚಾಚಿ, ವಾರಿಜಾಳನ್ನು ನೋಡಿ, ಎದುರಿನ ಖಾಲಿ ಕುರ್ಚಿಯನ್ನು ನೋಡಿದರು.

"ಕೂತ್ಕೊಳ್ಳಿ," ಎಂದರು ತಬಸ್ಸುಮ್ ಬಿಗಿಯಾಗಿ. "ಹೇಗೂ ನಿಜ ಯಾವುದು ಅಂತ ನೋಡ್ಬೇಕಲ್ಲ. ಮೊದಲು ಆ ತಡೆ ತೆಗೆದು ಕುಮುದಾ ಅವರು. ಆಮೇಲೆ ಅದೇ ತಡೆ ಹಾಕಿ ನೀವು."

ಕುಮುದಾ ಕೂತಳು. ತಡೆ ಇರಲಿಲ್ಲ. ಅವಳು ನಗಿಸಲಿಲ್ಲ, ಮಾತಾಡಲಿಲ್ಲ, ಆದರೂ ಇನ್ನೂರ ಎಂಬತ್ತೆಂಟು ಬಂತು. ಎರಡನೇ ಅಲೆ ಒಂದೂ ಇರಲಿಲ್ಲ.

ವಾರಿಜಾ ಕೂತಳು. ತಾನೇ ಹೆಸರು ಬದಲಿಸಿ, ತನ್ನ ಎರಡು ಸಾಲನ್ನು ತನ್ನ ಮೇಲೇ ತಿರುಗಿಸಿದಳು. ಹಸಿರು ಬಂತು. ತಡೆಯಿತು. 'ಟಕ್'. ಅಪ್ಪನ ಮುಖದಲ್ಲಿ ಈ ಸಲ ಗಂಟಿರಲಿಲ್ಲ. ಬೆನ್ನು ನೆಟ್ಟಗಾಗಿತ್ತು. ಹತ್ತು, ಹದಿನೈದು, ಇಪ್ಪತ್ತು. ಪರದೆಯಲ್ಲಿ ಎರಡನೇ ಅಲೆ ಮೊದಲು ಸಣ್ಣಗೆ, ಆಮೇಲೆ ದಪ್ಪಗೆ ಎದ್ದಿತು. ಮೂವತ್ತೊಂದನೇ ಸಲ ತಬಸ್ಸುಮ್ ಪರದೆ ಬಿಟ್ಟು ಅಪ್ಪನ ಕೈಗೆ ಬಗ್ಗಿದರು.

ಮಡಿಚಿದ ಮುಷ್ಟಿಯಿಂದ ತೋರುಬೆರಳು ಒಂದು ಅಕ್ಕಿಕಾಳಿನಷ್ಟು ಮೇಲೆದ್ದು, ಮತ್ತೆ ಮಲಗಿತು.

ಇನ್ನೊಮ್ಮೆ ಎದ್ದಿತು.

"ಏನು ಮಾಡ್ತಿದ್ದಾನೆ ಅಪ್ಪ?" ಎಂದಳು ಕುಮುದಾ. "ಅಕ್ಕಾ, ಏನದು? ಏನು ಮಾಡ್ತಿದ್ದಾನೆ?"

"ಏಳನೇ ನಂಬರು," ಎಂದಳು ವಾರಿಜಾ. "ಅದರ 'ಎನ್' ಕೀಲಿ ಅಂಟ್ಕೊತಿತ್ತು. ಹೀಗೆ ಎಬ್ಬಿಸಬೇಕಿತ್ತು."

"ನಂಗ್ಯಾಕೆ ಅದು ಗೊತ್ತೇ ಇಲ್ಲ?"

"ನಿಂಗೆ ಹೊಸ ಮಷೀನು ಕೊಟ್ಟಿದ್ರಲ್ಲ."

ಕುಮುದಾ ಅಕ್ಕನನ್ನು ನೋಡಿದಳು. ಮೊದಲು ನಂಬದವಳ ಹಾಗೆ, ಆಮೇಲೆ ಬೇರೆ ಏನೋ ಆಗಿ. "ಹೊಸ ಮಷೀನು! ಅಕ್ಕಾ, ಆ ಎರಡು ತಿಂಗಳಲ್ಲಿ ಅಪ್ಪ ನನ್ನ ಮಷೀನ್ ಹತ್ರ ಒಂದು ದಿನ ಬಂದವನಲ್ಲ. ಯಾವಾಗ್ಲೂ ನಿನ್ನ ಬೆನ್ನ ಹಿಂದೆ ನಿಂತಿರ್ತಿದ್ದ. ಆ ಹಾಳು ಕೀಲಿ ನೋಡ್ತಾ. ಮನೇಲೂ ನಿಮ್ಮಿಬ್ಬರದ್ದೂ ಅದೇ ಮಾತು, ಸ್ಪೀಡು, ಲಯ, ಪರೀಕ್ಷೆ. ನಾನ್ಯಾಕೆ ಬಿಟ್ಟೆ ಅಂದ್ಕೊಂಡಿದ್ದೀಯ? ಬೆರಳು ನೋಯ್ತು ಅಂತಾನಾ?"

ಬೆನ್ನ ಹಿಂದೆ ನಿಂತವರನ್ನು ವಾರಿಜಾ ಕಂಡಿರಲಿಲ್ಲ. ಕೀಲಿಯ ಮೇಲೆ ಕಣ್ಣಿಡಬಾರದೆಂಬ ನಿಯಮವಿದ್ದ ಕ್ಲಾಸಿನಲ್ಲಿ ಅವಳು ಐದು ವರ್ಷವೂ ನೆಟ್ಟಗೆ ಮುಂದಿನ ಕಾಗದವನ್ನೇ ನೋಡಿದ್ದಳು. ಅಂಟುವ ಕೀಲಿಯನ್ನು ನಿಭಾಯಿಸಬಲ್ಲವಳು ಇವಳೊಬ್ಬಳೇ ಎಂದು ಅಪ್ಪ ಆ ಮಷೀನು ಕೊಟ್ಟಿರಬಹುದೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಹೊಳೆದಿದ್ದರೂ ಹೊಸ ಮಷೀನಿನ ಆಸೆ ಹೋಗುತ್ತಿತ್ತೆ ಎಂದು ಅವಳಿಗೆ ಇಂದಿಗೂ ಖಾತ್ರಿಯಿಲ್ಲ.

ತಬಸ್ಸುಮ್ ಎರಡೂ ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಕೊನೆಗೆ ಹೇಳಿದರು: "ಆಸರೆ ನೀವೇ, ವಾರಿಜಾ ಮೇಡಂ. ಬೆರಳು ಎದ್ದಿದ್ದು ಎಲ್ಲಿ, ಅಲ್ಲಿ. ಒತ್ತೋ ವೇಗ ಇಲ್ಲಿ ಕಮ್ಮಿ, ಆರು ತಿಂಗಳು ಅನ್ನೋದು ಒಂಬತ್ತು ಆಗ್ಬಹುದು. ಆದ್ರೆ ಆಟದ ಪ್ರೋಗ್ರಾಮು ಇವತ್ತಿಂದ ನೀವು ಮುಟ್ಟೋ ಹಾಗಿಲ್ಲ. ನಮ್ಮವರು ಹೊಸದಾಗಿ ಬರೀತಾರೆ. ನಡೆದದ್ದನ್ನ ವರದಿಯಲ್ಲಿ ಬರೀತೀನಿ, ನಿಮ್ಮ ಹೆಸರು ಹಾಕಿ."

"ಬರೀರಿ," ಎಂದಳು ವಾರಿಜಾ.

ಕುಮುದಾ ಅಪ್ಪನ ಕೆನ್ನೆಗೆ ಕೆನ್ನೆ ತಾಗಿಸಿ, ಅಕ್ಕನಿಗೆ ಏನೂ ಹೇಳದೆ, ಒಂದೂವರೆಯ ರೈಲಿಗೆ ಹೊರಟುಹೋದಳು. ಇವತ್ತೂ ಕತ್ತಿನಲ್ಲೇ ಬಂದಿದ್ದ ಟೇಪನ್ನು ಮೇಜಿನ ಮೇಲೆ ಮರೆತಿದ್ದಳು.

*

ಪ್ರಯೋಗಾಲಯದವರು ಬರೆದ ಹೊಸ ಆಟದಲ್ಲಿ ಬಟನ್ ನೀಲಿ. ಅಂಟುವುದನ್ನು ಅವರು ಬೇಕೆಂದೇ ಉಳಿಸಿಕೊಂಡಿದ್ದರು. ಈಗ ಅದಕ್ಕೊಂದು ದೊಡ್ಡ ಹೆಸರು ಕೂಡ ಇತ್ತು. ಊಟದ ಮೇಜಿನ ಮೇಲೆ ಪರದೆ ಇಟ್ಟು ದಿನಕ್ಕೆ ನಾಲ್ಕು ಸುತ್ತು ನಡೆಯುತ್ತಿತ್ತು. ಬೆಳಿಗ್ಗೆ ಎರಡು, ಪಾಲಿಟೆಕ್ನಿಕ್ಕಿನಿಂದ ಬಂದ ಮೇಲೆ ಎರಡು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು ಪರೀಕ್ಷೆಗೆ ಕೂತವರಂತೆ ಆಡುತ್ತಿದ್ದರು. ನಗುತ್ತಿರಲಿಲ್ಲ. ಈಗೀಗ ಬೆರಳು ಎರಡು ಅಕ್ಕಿಕಾಳಿನಷ್ಟು ಏಳುತ್ತಿತ್ತು.

ಮೂರು ವಾರ ಕುಮುದಾ ಬರಲಿಲ್ಲ. ನಾಲ್ಕನೇ ಶನಿವಾರ ಸಂಜೆ ಫೋನು ಬಂತು.

"ಎಷ್ಟು ಏಳುತ್ತೆ?" ಎಂದಳು. ನಮಸ್ಕಾರ, ಚೆನ್ನಾಗಿದ್ದೀಯಾ ಯಾವುದೂ ಇಲ್ಲ.

"ಎರಡು ಕಾಳು."

ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ನಿನ್ನೆದುರಿಗೇ ಏಳುತ್ತಲ್ಲ. ನಾನು ಬಂದ್ರೆ ಬರೀ ನಗ್ತಾ ಕೂರ್ತಾನೆ."

ಆ ದನಿಯನ್ನು ವಾರಿಜಾ ಗುರುತಿಸಿದಳು. ಮೂವತ್ತೆರಡು ವರ್ಷ ತನ್ನೊಳಗೇ ಕೇಳಿದ ದನಿ ಅದು. ಮೊದಲು ಒಂದು ಗಳಿಗೆ ಸಿಹಿಯಾಯಿತು. ಆ ಸಿಹಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಸಿಹಿ ಪೂರ್ತಿ ಇಳಿಯಲಿಲ್ಲ.

"ನಂಗೆ ಆ ನಗೂ ಸಿಗಲ್ಲ," ಎಂದಳು. ಆಮೇಲೆ, ಕೈಯಲ್ಲಿದ್ದ ಒಂದೇ ಒಂದು ಒಡವೆಯನ್ನು ಬಿಚ್ಚಿ ಕೊಡುವವಳ ಹಾಗೆ ನಿಧಾನವಾಗಿ, "ನಾಳೆ ಬಾ ಕುಮು. ಆ ಚಿಮ್ಮೋದು ಹೇಗೆ ಅಂತ ಕಲಿಸ್ತೀನಿ. ನಿಂಗೆ ಬಂತು ಅಂದ್ರೆ ನಿನ್ನೆದುರಿಗೂ ಎತ್ತುತ್ತಾರೆ."

"ನೀನಾ ಕಲಿಸೋದು, ಅಪ್ಪ ಅಲ್ವಾ?"

"ಅಲ್ಲ ಕಣೇ, ನಾನು. ಮಷೀನು ಅಟ್ಟದ ಮೇಲಿದೆ. ಮಾಧವಂಗೆ ಹೇಳಿ ಇಳಿಸ್ತೀನಿ."

"ಏಳನೇ ನಂಬರಾ? ಅದನ್ನ ಇಟ್ಕೊಂಡಿದ್ದೀಯಾ? ಎಲ್ಲಾ ಮಾರಿದ್ರಲ್ಲ?"

"ಇದನ್ನ ಯಾರೂ ಕೊಳ್ಳಲಿಲ್ಲ," ಎಂದಳು ವಾರಿಜಾ.

ಕುಮುದಾ ನಕ್ಕಳು. ಹಳೆಯ ನಗುವಲ್ಲ, ಆದರೂ ನಗು. "ನನ್ ಟೇಪು ತೆಗೆದಿಟ್ಟಿರು. ಡಾಕ್ಟರ ಮೇಜಿನ ಮೇಲೆ ಬಿಟ್ಟಿದ್ದೆ."

ವಾರಿಜಾ ಫೋನಿಟ್ಟು, ಅಪ್ಪನ ಮುಂಗೈಗೆ ಪಟ್ಟಿ ಕಟ್ಟಿದಳು. ನಾಳೆ ಈ ಮೇಜಿನ ಸುತ್ತ ನಗು ಇರುತ್ತದೆ, ಅಪ್ಪನ ಬೆರಳು ಕುಮುದಾಳಿಗೂ ಎದ್ದರೆ ತನ್ನದೆಂಬುದು ಏನೂ ಉಳಿಯುವುದಿಲ್ಲ. ಆ ಕಿಚ್ಚು ಇದ್ದರೆ ಇರಲಿ ಎಂದು ಬಿಟ್ಟು, ಅವಳು ಅಪ್ಪನ ಎದುರಿನ ಕುರ್ಚಿಗೆ ಹೋಗಲಿಲ್ಲ. ಬೆನ್ನ ಹಿಂದೆ ಹೋಗಿ ನಿಂತಳು.

ನೀಲಿ ಬಟನ್ ಕಾಣಿಸಿಕೊಂಡಿತು. ತಡೆಯಿತು. ಅಪ್ಪನ ಬೆರಳು ಅದನ್ನು ಎಬ್ಬಿಸಲು ಎದ್ದಿತು.

"ಸಮ ಇದೆ ಸಾರ್," ಎಂದಳು ವಾರಿಜಾ.

ಅಪ್ಪ ತಿರುಗಿ ನೋಡಲಿಲ್ಲ. ಮುಂದಿನ ಬಟನ್‌ಗೆ ಕಾಯುತ್ತಿದ್ದರು.